ವಂಶವಾಹಿ ತಿದ್ದುವ ಕೈಕೆಲಸ

ಅಂತ್ಯ ಸುಬ್ರಹ್ಮಣ್ಯನ ನಾಗಲಮಡಿಕೆಯಿಂದ ಪಾವಗಡ, ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ಬರುವ ಜೀವವಿಜ್ಞಾನದ ಮಕ್ಕಳು ವಂಶವಾಹಿ ತಿದ್ದುವ ‘ಕ್ರಿಸ್ಪರ್’ ತಂತ್ರದ ಬಗ್ಗೆ ಪಾಠದಲ್ಲಿ ಓದಿರುತ್ತಾರೆ, ಚಿತ್ರ ಬರೆದು ಅಂಕವನ್ನೂ ಪಡೆದಿರುತ್ತಾರೆ. ಜೀವಂತ ಕೋಶದಲ್ಲಿ ಅದನ್ನು ಮಾಡಿ ನೋಡುವ ಅವಕಾಶ ಮಾತ್ರ ಸಿಗುವುದು ಕಷ್ಟ. ಆ ಕೆಲಸ ನಡೆಯುವ ಜಾಗಗಳಲ್ಲಿ ಒಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ಇದೆ. ಅಲ್ಲಿ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್, ಕಾಂಡಕೋಶ ಸಂಶೋಧನೆಗೆಂದು 2009ರಲ್ಲಿ ಶುರುವಾದ ಇನ್‌ಸ್ಟೆಮ್, ತಂತ್ರಜ್ಞಾನದ ತರಬೇತಿ ಕೊಡುವ ಸಿ-ಕ್ಯಾಂಪ್ ಅಕ್ಕಪಕ್ಕದಲ್ಲಿವೆ.

ಕ್ರಿಸ್ಪರ್‌ನ ಕತ್ತರಿಯಾದ, ಬ್ಯಾಕ್ಟೀರಿಯಾಗಳು ವೈರಸ್ಸನ್ನು ಕತ್ತರಿಸಲು ಬಳಸುವ ಕ್ಯಾಸ್9 ಪ್ರೋಟೀನನ್ನು ಬೇಕಾದ ಡಿಎನ್‌ಎ ಕಡೆಗೆ ತಿರುಗಿಸಬಹುದೆಂದು ವಿಜ್ಞಾನಿಗಳಾದ ಶಾರ್ಪೆಂತಿಯೇ ಮತ್ತು ಡೌಡ್ನಾ 2012ರಲ್ಲಿ ತೋರಿಸಿದರು. ಮರುವರ್ಷವೇ ಅದು ಮನುಷ್ಯರ ಕೋಶಗಳಲ್ಲೂ ಕೆಲಸ ಮಾಡಿತು. 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಪ್ರಯೋಗಾಲಯದಲ್ಲಿ ಮೊದಲ ಪಾಠ ಕೋಶ ಸಾಕುವುದು. ಮನೆಯಲ್ಲಿ ಹಸು ಕಟ್ಟಿದವರು ಭಾನುವಾರವೆಂದು ಮೇವು ತಪ್ಪಿಸುತ್ತಾರೆಯೇ? ಇಲ್ಲೂ ಹಾಗೆಯೇ, ರಜೆಯ ದಿನವೂ ಬಂದು ನೋಡಬೇಕು. 37 ಡಿಗ್ರಿ ಉಷ್ಣತೆ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ತಟ್ಟೆಗೆ ಅಂಟಿಕೊಂಡು ಕೋಶಗಳು ಬೆಳೆಯುತ್ತವೆ. ಕಲಿಯುವವರ ಕೈಗೆ ಸಾಮಾನ್ಯವಾಗಿ ಕೊಡುವುದು ಹೆಕ್293 ಎಂಬ ಗಟ್ಟಿ ಜೀವದ ಮನುಷ್ಯ ಕೋಶಗಳ ತಳಿಯನ್ನು. ಗುಲಾಬಿ ಬಣ್ಣದ ಆಹಾರದ್ರವ ಹಳದಿಗೆ ತಿರುಗಿದರೆ ಆಮ್ಲ ಹೆಚ್ಚಿದೆ, ದ್ರವ ಬದಲಿಸಬೇಕು ಎಂದರ್ಥ. ಹಳದಿಯ ಜೊತೆ ದ್ರವ ಕದಡಿಯೂ ಇದ್ದರೆ ಬ್ಯಾಕ್ಟೀರಿಯಾ ಹೊಕ್ಕಿರಬಹುದು. ಆಗ ತಟ್ಟೆ ಎಸೆದು ಮೊದಲಿನಿಂದ ಶುರು. ಶೇ 70ರ ಆಲ್ಕೋಹಾಲಿನಲ್ಲಿ ಮತ್ತೆ ಮತ್ತೆ ಕೈ ಒರೆಸುವ ಅಭ್ಯಾಸ ಬೆಳೆಯುವುದೇ ಹೀಗೆ.

ಆಮೇಲೆ ವಿನ್ಯಾಸ. ಗುರಿಯ ಜಾಗಕ್ಕೆ ಹೊಂದುವ ಸುಮಾರು 20 ಅಕ್ಷರಗಳ ಮಾರ್ಗದರ್ಶಿ ಆರ್‌ಎನ್‌ಎ ಬೇಕು. ಅದರ ಪಕ್ಕದಲ್ಲೇ ಡಿಎನ್‌ಎಯಲ್ಲಿ ಎರಡು ‘ಜಿ’ಗಳಿರುವ ಗುರುತು ಇರಬೇಕು, ಇಲ್ಲದಿದ್ದರೆ ಕ್ಯಾಸ್9 ಮುಟ್ಟುವುದೇ ಇಲ್ಲ. ಕೊಬ್ಬಿನ ಸಣ್ಣ ಹನಿಗಳಲ್ಲಿ ಇವನ್ನು ಸುತ್ತಿ ಕೋಶಕ್ಕೆ ಸೇರಿಸುತ್ತಾರೆ. ಕತ್ತರಿಸುವುದಷ್ಟೇ ನಮ್ಮ ಕೆಲಸ. ಗಾಯವನ್ನು ಹೊಲಿಯುವುದು ಕೋಶವೇ, ಅವಸರದ ಆ ಹೊಲಿಗೆಯಲ್ಲಿ ಒಂದೆರಡು ಅಕ್ಷರ ಬಿಟ್ಟುಹೋದರೆ ವಂಶವಾಹಿ ನಿಷ್ಕ್ರಿಯವಾಗುತ್ತದೆ.

ನನ್ನ ದೃಷ್ಟಿಯಲ್ಲಿ ನಿಜವಾದ ವಿದ್ಯೆ ಇರುವುದು ಮುಂದಿನ ಹಂತದಲ್ಲಿ: ತಿದ್ದುಪಡಿ ಆಗಿದೆ ಎಂದು ಸಾಬೀತು ಮಾಡುವುದು. ಡಿಎನ್‌ಎಯ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಿದಾಗ ಸಿಗುವ ನಕ್ಷೆಯಲ್ಲಿ, ಕತ್ತರಿಸಿದ ಜಾಗದವರೆಗೆ ಶಿಖರಗಳು ಒಂಟಿಯಾಗಿ, ಶುದ್ಧವಾಗಿ ಬರುತ್ತವೆ. ಅಲ್ಲಿಂದಾಚೆಗೆ ಒಂದರ ಮೇಲೊಂದು ಏರಿ ಗೊಂದಲವಾಗುತ್ತವೆ. ಆ ಗೊಂದಲವೇ ಯಶಸ್ಸಿನ ಸಾಕ್ಷಿ. ನಂತರ ಒಂಟಿ ಕೋಶವನ್ನು ಬೇರ್ಪಡಿಸಿ ವಾರಗಟ್ಟಲೆ ಬೆಳೆಸಬೇಕು, ಗುರಿ ತಪ್ಪಿ ಬೇರೆಲ್ಲೂ ಕತ್ತರಿ ಬಿದ್ದಿಲ್ಲವೇ ಎಂದು ಹುಡುಕಬೇಕು. ರೋಗಿಯ ದೇಹಕ್ಕೆ ಹೋಗುವ ಕೋಶವಾದರೆ ಇದರಲ್ಲಿ ರಾಜಿಯೇ ಇಲ್ಲ. ಕುಡಗೋಲು ಕಣ (ಸಿಕಲ್ ಸೆಲ್) ರೋಗಕ್ಕೆ ಇದೇ ತಂತ್ರದ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಈ ರೋಗವಿದೆ. ಹಾಗಾಗಿ ಈ ಕಲಿಕೆ ನಮಗೆ ದೂರದ ಮಾತಲ್ಲ.

ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇಂಥ ಪ್ರಯೋಗಾಲಯ ಕಟ್ಟುವುದು ಸುಲಭವಲ್ಲ. ಆದರೆ ಭಾರತೀಯ ವಿಜ್ಞಾನ ಅಕಾಡೆಮಿಗಳು ಪ್ರತಿವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಕರೆಯುತ್ತವೆ. ಆಯ್ಕೆಯಾದವರು ಹಿರಿಯ ವಿಜ್ಞಾನಿಯ ಜೊತೆ ಸುಮಾರು ಎರಡು ತಿಂಗಳು ಕೆಲಸ ಮಾಡಬಹುದು. ವಿದ್ಯಾರ್ಥಿಗಳಷ್ಟೇ ಅಲ್ಲ, ಅಧ್ಯಾಪಕರೂ ಅರ್ಜಿ ಹಾಕಬಹುದು. ಪಾವಗಡ, ಮಧುಗಿರಿ, ಶಿರಾದ ಮೇಷ್ಟ್ರುಗಳು ಇದನ್ನು ದಯವಿಟ್ಟು ಗಮನಿಸಬೇಕು.