ನೋಡುವ ಊರು, ಬಾಳುವ ಊರು

ರಜೆ ಬಂದಾಗ ಪಟ್ಟಣದ ನಾವು ನೀವು ಹಳೆಯ ಊರುಗಳನ್ನು ನೋಡಲು ಹೊರಡುತ್ತೇವೆ. ಕೆತ್ತನೆಯ ಬಾಗಿಲು, ಉದ್ದನೆಯ ಜಗಲಿ, ತೇರಿನ ಬೀದಿ ಕಂಡು ಸಂತೋಷಪಡುತ್ತೇವೆ. ನಮಗೆ ನೋಟವಾದ ಆ ಬೀದಿ ಮತ್ತೊಬ್ಬರ ಮನೆಯಂಗಳವೆಂದು ನೆನೆಯುವುದು ಕಡಮೆ. ನಮ್ಮ ಬಸ್ಸು ಎಲ್ಲಿ ನಿಲ್ಲಬೇಕು, ನಾವು ತಂಗುವ ಕೋಣೆಗೆ ನೀರು ಎಲ್ಲಿಂದ ಬರಬೇಕು, ನಾವು ಬಿಸುಟ ಕಸವನ್ನು ಯಾರು ಗುಡಿಸಬೇಕು? ಇವನ್ನು ನಿಶ್ಚಯಿಸುವವರು ಯಾರು? ಹಳ್ಳಿಯ ಪ್ರವಾಸ ಯೋಜನೆಯ ತಿರುಳು ಈ ಪ್ರಶ್ನೆಯಲ್ಲಿದೆ.

ಹಂಪಿಯನ್ನೇ ತೆಗೆದುಕೊಳ್ಳಿ. ಅಲ್ಲಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ವಿರೂಪಾಕ್ಷ ದೇವಾಲಯದ ಮುಂದಿನ ತೇರುಬೀದಿಯ ಸಾಲುಮಂಟಪಗಳಲ್ಲಿ ಎಷ್ಟೋ ಸಂಸಾರಗಳು ನೆಲೆಸಿದ್ದುವು. ಪ್ರವಾಸಿಗರು ಹೆಚ್ಚಿದಂತೆ ಅಂಗಡಿಗಳೂ ಊಟ ವಸತಿಯ ಕೋಣೆಗಳೂ ಹೆಚ್ಚಿದುವು. ಹಳೆಯ ಕಂಬಗಳ ನಡುವೆ ಹೊಸ ಗೋಡೆಗಳೆದ್ದುವು. ಕಲ್ಲನ್ನು ಕಾಪಾಡಬೇಕಾದವರಿಗೆ ಇದರಿಂದ ಆತಂಕವಾದುದು ಸಹಜವೇ. 2002ರಲ್ಲಿ ಹಂಪಿಯ ನಿರ್ವಹಣಾ ಪ್ರಾಧಿಕಾರಕ್ಕೆಂದು ಕಾಯಿದೆಯೂ ಆಯಿತು. ಕೊನೆಗೆ 2011ರ ಜುಲೈ ತಿಂಗಳಲ್ಲಿ ಯಂತ್ರಗಳು ಬಂದು ಆ ಮನೆ ಅಂಗಡಿಗಳನ್ನು ಕೆಡವಿದುವು. ಮಂಟಪಗಳು ಬಿಡುವಾದುವು, ಅಲ್ಲಿ ಬಾಳುತ್ತಿದ್ದವರು ತಮ್ಮ ಬೀದಿಗೆ ಹೊರಗಿನವರಾದರು. ಏನು ಸಲ್ಲುತ್ತದೆ, ಏನು ಸಲ್ಲದು ಎಂದು ಊರವರೊಡನೆ ಕುಳಿತು ಮಾತಾಡುವ ಸಮಯ ಮೊದಲನೆಯ ಗೋಡೆ ಏಳುವ ಮುನ್ನ. ಗಾರೆ ಒಣಗಿದ ಮೇಲೆ ಮಾತುಕತೆ ವ್ಯಾಜ್ಯವಾಗುತ್ತದೆ.

ಊರವರೇ ಮೊದಲು ಕುಳಿತು ಯೋಚಿಸಿದರೆ ಹೇಗಿರುತ್ತದೆಂಬುದಕ್ಕೆ ಜಪಾನಿನ ಕಿಸೊ ಕಣಿವೆಯ ತ್ಸುಮಾಗೊ ಎಂಬ ಸಣ್ಣ ಊರು ನಿದರ್ಶನ. ಹಿಂದೆ ಅದು ಎದೋ ಮತ್ತು ಕ್ಯೋಟೋ ನಗರಗಳ ನಡುವಣ ಹೆದ್ದಾರಿಯಲ್ಲಿ ಪಯಣಿಗರ ತಂಗುದಾಣ. ರೈಲುಮಾರ್ಗ ಬೇರೆಡೆ ಹಾದುಹೋದ ಮೇಲೆ ಊರು ಬಡವಾಯಿತು, ಜನ ಬಿಟ್ಟುಹೋಗತೊಡಗಿದರು. 1968ರಲ್ಲಿ ಹಳೆಯ ಮರದ ಮನೆಗಳ ಜೀರ್ಣೋದ್ಧಾರ ಆರಂಭವಾಯಿತು. ನಿವಾಸಿಗಳು ತಮ್ಮದೇ ಸಂಘ ಕಟ್ಟಿಕೊಂಡು, 1971ರಲ್ಲಿ ಮೂರು ಕಟ್ಟುಪಾಡುಗಳನ್ನು ವಿಧಿಸಿಕೊಂಡರು: ಮನೆಯನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಮನೆಯ ರೂಪವನ್ನು ಮಾರ್ಪಡಿಸಬೇಕಾದವರು ಊರವರ ಸಮಿತಿಯ ಮುಂದೆ ಬರಬೇಕು. ಹಗಲು ಹೊತ್ತಿನಲ್ಲಿ ಮುಖ್ಯ ಬೀದಿಗೆ ಮೋಟಾರು ಬಿಡರು. 1976ರಲ್ಲಿ ಸರಕಾರವೂ ಆ ಊರನ್ನು ಸಂರಕ್ಷಿತ ಪ್ರದೇಶವೆಂದು ಮನ್ನಿಸಿತು. ಊರಿನ ನಿರ್ಧಾರ ಮೊದಲು, ಸರಕಾರದ ಮುದ್ರೆ ಆಮೇಲೆ ಎಂಬುದನ್ನು ಗಮನಿಸಿ.

ತ್ಸುಮಾಗೊದವರು ಸ್ವಂತ ಮನೆಗಳ ಒಡೆಯರು. ಹಂಪಿಯ ಮಂಟಪಗಳು ಸಂರಕ್ಷಿತ ಸ್ಮಾರಕಗಳು. ಆದುದರಿಂದ ಅಲ್ಲಿಯ ಕಟ್ಟುಪಾಡನ್ನು ಇಲ್ಲಿಗೆ ಹಾಗೆಯೇ ತರಲಾಗದು. ಮೊದಲು ಊರನ್ನು ಕೇಳುವ ಕ್ರಮವನ್ನು ತರಬಹುದು. ಅದಕ್ಕೆ ಹೊಸ ಸಂಸ್ಥೆಯೂ ಬೇಡ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಪ್ರವಾಸದ ನಕ್ಷೆ ಅಲ್ಲಿಗೆ ಬರಲಿ, ಹಣ ಮಂಜೂರಾಗುವ ಮುನ್ನ ಬರಲಿ, ಕನ್ನಡದಲ್ಲಿ ಬರಲಿ. ಬಿತ್ತನೆ ಕೊಯ್ಲುಗಳ ದಿನ ಸಭೆ ಕರೆದರೆ ರೈತ ಬರಲಾರ. ನೀರಿನ ಮಾತು, ಅತಿಥಿಗಳ ಅಡಿಗೆಯ ಮಾತು ಬಂದಾಗ ಹೆಂಗಸರನ್ನು ಕೇಳದಿದ್ದರೆ, ಹೊರೆ ಹೊರುವವರನ್ನೇ ಕೇಳದಂತಾಯಿತು. ಬೇಡವೆನ್ನುವ ಅಧಿಕಾರವೂ ಊರಿಗೆ ಇರಬೇಕು. ಹೂಂಗುಟ್ಟಲು ಮಾತ್ರ ಕರೆದರೆ ಅದು ಸಮಾಲೋಚನೆಯಲ್ಲ.

ಇದರಲ್ಲಿ ನಮ್ಮ ಪಾಲೂ ಉಂಟು. ಮುಂದಿನ ಬಾರಿ ಹೊರಟಾಗ ಆ ಊರಿನವರೇ ನಡೆಸುವ ಮನೆಯಲ್ಲಿ ತಂಗಿ, ಊರಿನವರನ್ನೇ ದಾರಿ ತೋರಿಸಲು ಕರೆಯಿರಿ. ಜಗಲಿ ಹತ್ತುವ ಮುನ್ನ, ಚಿತ್ರ ತೆಗೆಯುವ ಮುನ್ನ ಮನೆಯವರನ್ನು ಕೇಳಿ. ಬಾಳುವವರಿಲ್ಲದ ಊರಿನಲ್ಲಿ ನೋಡಲು ಉಳಿಯುವುದು ಗೋಡೆಗಳಷ್ಟೆ.