ಫೋರ್ ವೀಲ್ ಡ್ರೈವ್ ಇದ್ದರೆ ಎಷ್ಟು ಲೋಡ್ ಬೇಕಾದರೂ ಎಳೆಯಬಹುದೇ? ನಿಜ ತಿಳಿಯಿರಿ

ಕೆಸರಲ್ಲಿ ಹೂತ ಟ್ರೇಲರನ್ನು ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ಸಲೀಸಾಗಿ ಎಳೆದು ಹಾಕುವ ವಿಡಿಯೊಗಳನ್ನು ನಾವೆಲ್ಲ ಮೊಬೈಲ್‌ನಲ್ಲಿ ನೋಡಿದ್ದೇವೆ. ಅದನ್ನು ನೋಡಿದವರು ನಾಲ್ಕೂ ಗಾಲಿ ಎಳೆಯುವ ಗಾಡಿಗೆ ಲೋಡ್ ಲೆಕ್ಕವೇ ಅಲ್ಲ, ಇಳಿಜಾರಿನಲ್ಲೂ ಭಯವಿಲ್ಲ ಎಂದುಕೊಳ್ಳುತ್ತಾರೆ. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿದರೆ ಜೀವಕ್ಕೇ ಅಪಾಯ. ಹೇಗೆ ಎಂದು ನೋಡೋಣ.

ಫೋರ್ ವೀಲ್ ಡ್ರೈವ್ ನಿಜಕ್ಕೂ ಏನು ಮಾಡುತ್ತದೆ?

ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಂಥ ಊರಿನ ಹಸಿ ಗದ್ದೆಯಿಂದ ಭತ್ತದ ಚೀಲ ತುಂಬಿದ ಟ್ರೇಲರ್ ರಸ್ತೆಗೆ ಬರಬೇಕು ಎಂದುಕೊಳ್ಳಿ. ಎಂಜಿನ್‌ಗೆ ಶಕ್ತಿ ಇದೆ. ಆದರೂ ಗಾಲಿ ಇದ್ದಲ್ಲೇ ಸುತ್ತುತ್ತದೆ, ಗಾಡಿ ಕದಲುವುದಿಲ್ಲ. ಇಲ್ಲಿ ಕೊರತೆ ಇರುವುದು ಹಿಡಿತಕ್ಕೆ, ಶಕ್ತಿಗಲ್ಲ. ಗಾಲಿಗೆ ನೆಲದ ಮೇಲೆ ಸಿಗುವ ಹಿಡಿತ ಎರಡನ್ನು ಅವಲಂಬಿಸಿದೆ: ನೆಲ ಎಷ್ಟು ಗಟ್ಟಿ, ಗಾಲಿಯ ಮೇಲೆ ಎಷ್ಟು ಭಾರ.

ಒಂದು ಅಂದಾಜು ಲೆಕ್ಕ ಮಾಡೋಣ. ಟ್ರ್ಯಾಕ್ಟರ್ ತೂಕ 2,000 ಕೆ.ಜಿ. ಅದರಲ್ಲಿ ಹಿಂದಿನ ಗಾಲಿಗಳ ಮೇಲೆ ಬೀಳುವುದು ಸುಮಾರು 1,300 ಕೆ.ಜಿ. ಕೆಸರಿನಲ್ಲಿ ಹತ್ತರಲ್ಲಿ ನಾಲ್ಕು ಪಾಲು ಹಿಡಿತ ಸಿಕ್ಕರೆ, ಹಿಂದಿನ ಎರಡೇ ಗಾಲಿ ಎಳೆಯುವಾಗ 520 ಕೆ.ಜಿ.ಯಷ್ಟು ಬಲ ಸಿಗುತ್ತದೆ. ನಾಲ್ಕೂ ಗಾಲಿ ಎಳೆದರೆ ಇಡೀ ಗಾಡಿಯ ಭಾರ ಕೆಲಸಕ್ಕೆ ಬಂದು 800 ಕೆ.ಜಿ. ಆಗುತ್ತದೆ. ಅಂದರೆ ಒಂದೂವರೆ ಪಟ್ಟು. ಕೆಸರು, ಮರಳು, ಒದ್ದೆ ಏರಿನಲ್ಲಿ ಈ ವ್ಯತ್ಯಾಸವೇ ಗಾಡಿಯನ್ನು ದಡ ಸೇರಿಸುತ್ತದೆ. ವಿಡಿಯೊದಲ್ಲಿ ಕಾಣುವುದು ಇಷ್ಟೇ, ಮತ್ತು ಅದು ನಿಜ.

ಹಾಗಾದರೆ ಬ್ರೇಕ್ ಹಾಕಿದಾಗ?

ಅಸಲಿ ವಿಷಯ ಇಲ್ಲಿದೆ. ಎಳೆಯುವ ಬಲ ಹೆಚ್ಚಿದ ಮಾತ್ರಕ್ಕೆ ನಿಲ್ಲಿಸುವ ಬಲ ಅಷ್ಟೇ ಹೆಚ್ಚುವುದಿಲ್ಲ. ನಮ್ಮ ಊರುಗಳ ಬಹುಪಾಲು ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇಲ್ಲ. ಟ್ರ್ಯಾಕ್ಟರ್‌ನ ಬ್ರೇಕ್ ಕೂಡ ಸಾಮಾನ್ಯವಾಗಿ ಹಿಂದಿನ ಗಾಲಿಗಳಿಗೆ ಮಾತ್ರ.

ಟ್ರ್ಯಾಕ್ಟರ್ 2 ಟನ್, ತುಂಬಿದ ಟ್ರೇಲರ್ 5 ಟನ್, ವೇಗ ಗಂಟೆಗೆ 30 ಕಿ.ಮೀ. ಎಂದಿಟ್ಟುಕೊಂಡು ಒಣ ಟಾರು ರಸ್ತೆಗೆ ಅಂದಾಜು ಲೆಕ್ಕ ಹಾಕಿದರೆ:

• ಟ್ರೇಲರ್ ಇಲ್ಲದ ಟ್ರ್ಯಾಕ್ಟರ್ ಸುಮಾರು 8 ಮೀಟರ್‌ನಲ್ಲಿ ನಿಲ್ಲುತ್ತದೆ.
• ತುಂಬಿದ ಟ್ರೇಲರ್ ಇದ್ದರೆ ಸುಮಾರು 27 ಮೀಟರ್ ಬೇಕು.
• 20 ಮೀಟರ್‌ಗೆ 1 ಮೀಟರ್ ಇಳಿಯುವ ಇಳಿಜಾರಿನಲ್ಲಿ ಸುಮಾರು 45 ಮೀಟರ್ ಬೇಕು.

ಇದು ಬ್ರೇಕ್ ತುಳಿದ ಮೇಲಿನ ದೂರ. ಕಣ್ಣಿಗೆ ಕಂಡು ಕಾಲು ತುಳಿಯುವಷ್ಟರಲ್ಲಿ ಗಾಡಿ ಇನ್ನೂ ಕೆಲವು ಮೀಟರ್ ಮುಂದೆ ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಹಲವು ಟ್ರ್ಯಾಕ್ಟರ್‌ಗಳಲ್ಲಿ ಫೋರ್ ವೀಲ್ ಲಿವರ್ ಹಾಕಿದ್ದಾಗ ಮುಂದಿನ ಗಾಲಿಗಳೂ ಬ್ರೇಕಿಗೆ ಸ್ವಲ್ಪ ನೆರವಾಗುತ್ತವೆ ಎಂಬುದು ನಿಜ. ಆದರೂ ಹಿಂದಿನ 5 ಟನ್‌ಗೆ ಬ್ರೇಕೇ ಇಲ್ಲವಲ್ಲ! ಅದು ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ತಿರುವಿನಲ್ಲಿ ಹೀಗೆ ತಳ್ಳಿದರೆ ಕೊಂಡಿಯ ಹತ್ತಿರ ಗಾಡಿ ಮಡಚಿಕೊಂಡು ಪಲ್ಟಿಯಾಗುತ್ತದೆ.

ಜೀಪಿಗೆ ಕ್ಯಾಂಪಿಂಗ್ ಟ್ರೇಲರ್ ಕಟ್ಟಿದರೆ?

ಥಾರ್, ಜಿಮ್ನಿಯಂಥ ಗಾಡಿಗೂ ಇದೇ ನಿಯಮ. ಮಲೆನಾಡಿನ ಜಾರುವ ಮಣ್ಣುದಾರಿಯಲ್ಲಿ ಏರು ಹತ್ತಲು ಫೋರ್ ವೀಲ್ ಡ್ರೈವ್ ಬಹಳ ಉಪಯೋಗಿ. ಆದರೆ ಜೀಪು, ಕಾರುಗಳಿಗೆ ನಾಲ್ಕೂ ಗಾಲಿಯಲ್ಲಿ ಮೊದಲೇ ಬ್ರೇಕ್ ಇರುತ್ತದೆ. ಹಾಗಾಗಿ ನಿಲ್ಲಿಸುವುದರಲ್ಲಿ ಹೊಸ ಲಾಭವಿಲ್ಲ. ಟ್ರೇಲರ್‌ನ ಹಿಂಭಾಗದಲ್ಲೇ ಸಾಮಾನು ತುಂಬಿದರೆ ವೇಗದಲ್ಲಿ ಅದು ಬಾಲದಂತೆ ಅತ್ತಿತ್ತ ಬೀಸುತ್ತದೆ. ಇದನ್ನೂ ಫೋರ್ ವೀಲ್ ಡ್ರೈವ್ ಸರಿಮಾಡುವುದಿಲ್ಲ. ಭಾರವಾದ ಸಾಮಾನು ಟ್ರೇಲರ್‌ನ ಗಾಲಿಗಿಂತ ತುಸು ಮುಂದೆ, ಕೆಳಗೆ ಇರಬೇಕು. ಎಷ್ಟು ತೂಕ ಎಳೆಯಬಹುದು ಎಂಬುದನ್ನು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿಕೊಳ್ಳಿ.

ಟಾರು ರಸ್ತೆಯಲ್ಲೂ ಲಿವರ್ ಹಾಕಿರಬೇಕೇ?

ಬೇಡ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನ ಗಾಲಿಗಿಂತ ಹೆಚ್ಚು ದೂರ ಉರುಳುತ್ತದೆ. ಕೆಸರಿನಲ್ಲಾದರೆ ಗಾಲಿ ತುಸು ಜಾರಿ ಇದನ್ನು ಸರಿದೂಗಿಸುತ್ತದೆ. ಒಣ ಟಾರಿನ ಮೇಲೆ ಜಾರಲು ಆಗದೆ ಟೈರ್ ಸವೆಯುತ್ತದೆ, ಗೇರಿನ ಭಾಗಗಳ ಮೇಲೆ ಒತ್ತಡ ಬೀಳುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ. ಕೆಸರಿಗೆ ಇಳಿಯುವ ಮೊದಲು ಹಾಕಿ, ಗಟ್ಟಿ ನೆಲಕ್ಕೆ ಬಂದ ಮೇಲೆ ತೆಗೆಯಿರಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಸೂಚನೆ ಇದ್ದರೆ ಅದನ್ನೇ ಪಾಲಿಸಿ.

ಏನು ಮಾಡಬೇಕು?

• ರಸ್ತೆಗೆ ಬರುವ ಮೊದಲು ಟ್ರ್ಯಾಕ್ಟರ್‌ನ ಎಡ, ಬಲ ಬ್ರೇಕ್ ಪೆಡಲ್‌ಗಳನ್ನು ಒಂದಕ್ಕೊಂದು ಲಾಕ್ ಮಾಡಿ. ಒಂದೇ ಕಡೆ ಬ್ರೇಕ್ ಹಿಡಿದರೆ ಗಾಡಿ ಗಿರ್ರನೆ ತಿರುಗುತ್ತದೆ.
• ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡಬೇಡಿ, ಕ್ಲಚ್ ತುಳಿದುಕೊಂಡೂ ಇಳಿಯಬೇಡಿ.
• ಟ್ರೇಲರನ್ನು ಅದಕ್ಕೆಂದೇ ಇರುವ ಕೆಳಗಿನ ಕೊಂಡಿಗೇ ಕಟ್ಟಿ. ಎತ್ತರಕ್ಕೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚಬಹುದು.
• ಹೊಸ ಟ್ರೇಲರ್ ಮಾಡಿಸುವಾಗ ಬ್ರೇಕ್ ಇರುವುದನ್ನೇ ಕೇಳಿ. ರಾತ್ರಿ ಕಾಣುವಂತೆ ಹಿಂದೆ ರಿಫ್ಲೆಕ್ಟರ್ ಅಂಟಿಸಿ.
• ಜಾತ್ರೆ, ಮದುವೆ ಎಂದು ಟ್ರೇಲರ್‌ನಲ್ಲಿ ಜನರನ್ನು ತುಂಬಬೇಡಿ. ಅದು ಕಾನೂನಿಗೂ ವಿರುದ್ಧ. ಪಲ್ಟಿಯಾದರೆ ಅದರಲ್ಲಿ ಕೂತವರಿಗೆ ಹಿಡಿದುಕೊಳ್ಳಲೂ ಏನಿರುವುದಿಲ್ಲ.

ಒಟ್ಟಿನಲ್ಲಿ, ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ಏರು ಹತ್ತಿಸುತ್ತದೆ. ನಿಲ್ಲಿಸುವುದು ಮಾತ್ರ ಬ್ರೇಕ್, ಕಡಿಮೆ ಲೋಡ್ ಮತ್ತು ಕಡಿಮೆ ವೇಗ. ಮುಂದಿನ ಸಲ ಅಂಥ ವಿಡಿಯೊ ಗ್ರೂಪಿಗೆ ಬಂದರೆ, ಅದರ ಜೊತೆ ಈ ಮಾತನ್ನೂ ಕಳಿಸಿ.