ಗ್ರಂಥಸೂಚಿಯ ಷರತ್ತು: ಅಕ್ಷರಸರಣಿ ಮತ್ತು ಅರ್ಥ

ಹೊರನಾಡಿನಲ್ಲಿ ಕನ್ನಡ ಸಂಶೋಧನೆ ನಡೆಸುವವರಿಗೆ ಅನೇಕ ವೇಳೆ ಗ್ರಂಥಕ್ಕಿಂತ ಮೊದಲು ದೊರೆಯುವುದು ಜಾಲತಾಣದ ಗ್ರಂಥಸೂಚಿ. ಅದರ ಪುಟಗಳನ್ನು ರೂಪಿಸುವ ಅಚ್ಚಿಗೆ ಟೆಂಪ್ಲೇಟ್ ಎಂದು ಹೆಸರು. ಪುಟ ಸಿದ್ಧವಾಗುವಾಗ ಟೆಂಪ್ಲೇಟಿನೊಳಗಿನ ಷರತ್ತು ಶೀರ್ಷಿಕೆಯನ್ನು ಪರೀಕ್ಷಿಸಿ, ತದನುಸಾರವಾಗಿ ವಿಷಯದ ಗುರುತನ್ನು ಸೇರಿಸಬಲ್ಲದು. ಜಾಂಗೊ ಎಂಬ ತಂತ್ರಾಂಶದ ಟೆಂಪ್ಲೇಟುಗಳಲ್ಲಿ, 2010ರಲ್ಲಿ ಹೊರಬಂದ 1.2ನೆಯ ಆವೃತ್ತಿಯಿಂದ, 'ಇದರೊಳಗೆ ಅದು ಇದೆಯೇ' ಎಂದು ನೇರವಾಗಿ ಕೇಳಬಹುದಾಗಿದೆ.

ಶೀರ್ಷಿಕೆಯಲ್ಲಿ 'ಶಾಸನ' ಎಂದಿದ್ದರೆ ಅದನ್ನು ಶಾಸನಗ್ರಂಥವೆಂದು ಗುರುತಿಸಬೇಕು ಎಂಬ ಷರತ್ತನ್ನು ಪರಿಶೀಲಿಸೋಣ. ಭಟ್ಟಾಕಳಂಕನ 'ಕರ್ಣಾಟಕ ಶಬ್ದಾನುಶಾಸನ' (1604) ಸಂಸ್ಕೃತ ಸೂತ್ರಗಳಲ್ಲಿ ರಚಿತವಾದ ಕನ್ನಡ ವ್ಯಾಕರಣ. ಷರತ್ತು ಅದನ್ನು ಶಾಸನಗ್ರಂಥವೆನ್ನುತ್ತದೆ. 1886ರಲ್ಲಿ ಪ್ರಕಟಣೆ ಆರಂಭವಾದ, ಶಾಸನಗಳ ಮಹಾಸಂಗ್ರಹವಾದ 'ಎಪಿಗ್ರಾಫಿಯಾ ಕರ್ನಾಟಿಕ'ವಾದರೋ ಗುರುತಿಲ್ಲದೆ ಉಳಿಯುತ್ತದೆ. ಷರತ್ತು ನೋಡುವುದು ಸಂಕೇತಗಳ ಕ್ರಮವನ್ನೇ ಹೊರತು ಅರ್ಥವನ್ನಲ್ಲ.

ಇಡಿಯ ಪದ ಮಾತ್ರ ಹೊಂದಬೇಕೆಂದು ವಿಧಿಸಿದರೆ 'ಶಬ್ದಾನುಶಾಸನ' ಹೊರಗುಳಿಯುವುದು ನಿಜ. ಆದರೆ 'ಶಾಸನಗಳು', 'ಶಾಸನದ' ಎಂಬ ರೂಪಗಳೂ ಹೊರಗುಳಿಯುತ್ತವೆ. ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವ ಕನ್ನಡದಲ್ಲಿ ಈ ಇಕ್ಕಟ್ಟು ಅನಿವಾರ್ಯ.

ಇನ್ನೊಂದು ತೊಡಕು ಕಣ್ಣಿಗೆ ಕಾಣದು. 'ಶಿಲಾಲೇಖ' ಎಂಬಲ್ಲಿನ 'ಲೇ' ಅಕ್ಷರದ ಏತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಹಾಗೂ ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡಿನ ನಿಯಮದಂತೆ ಇವೆರಡೂ ಸಮಾನ. ತೆರೆಯ ಮೇಲೂ ಎರಡೂ ಒಂದೇ. ಆದರೂ ಸರಳ ಹೋಲಿಕೆಯಲ್ಲಿ ಇವು ಬೇರೆಬೇರೆ. ಆದ್ದರಿಂದ ಶೀರ್ಷಿಕೆಯನ್ನೂ ಹುಡುಕುವ ಪದವನ್ನೂ ಹೋಲಿಕೆಗೆ ಮೊದಲೇ ಒಂದೇ ರೂಪಕ್ಕೆ ತರಬೇಕು. ಈ ಏಕರೂಪಗೊಳಿಸುವ ವಿಧಾನವನ್ನು ಯೂನಿಕೋಡೇ ಗೊತ್ತುಪಡಿಸಿದೆ.

ವಿಷಯನಿರ್ಣಯವನ್ನು ಟೆಂಪ್ಲೇಟಿಗೆ ಒಪ್ಪಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಗ್ರಂಥವನ್ನು ಬಲ್ಲವರು ವಿಷಯವನ್ನು ಪ್ರತ್ಯೇಕ ಅಂಕಣದಲ್ಲಿ ನಮೂದಿಸಬೇಕು. ಟೆಂಪ್ಲೇಟು ಅದನ್ನು ತೋರಿಸಿದರೆ ಸಾಕು. ಸೂಚಿಯಲ್ಲಿ ಗುರುತು ತಪ್ಪಿದ ಗ್ರಂಥ, ಅದನ್ನು ದೂರದಿಂದ ಅರಸುವ ಸಂಶೋಧಕನ ಪಾಲಿಗೆ ಇಲ್ಲದ ಗ್ರಂಥವೇ ಸರಿ.